ಮೂವರ ಕೈಮಾತು

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಆ ಮನೆಯ ಮಟ್ಟಿಗೆ ಆ ಮಾತು ಶುದ್ಧ ಸುಳ್ಳು. ಅಲ್ಲಿ ಅಪ್ಪನಿಗೆ ಕೇಳುತ್ತಿರಲಿಲ್ಲ, ಅಮ್ಮನಿಗೂ ಕೇಳುತ್ತಿರಲಿಲ್ಲ. ಇಡೀ ಮನೆಗೆ ಇದ್ದದ್ದು ಮಗಳ ಕಿವಿಯೊಂದೇ. ಹುಟ್ಟಿದ ಕೂಸಿಗೆ ಕೇಳಿಸುತ್ತದೆಯೋ ಇಲ್ಲವೋ ಎಂದು ತಿಳಿಯಲು ಅಪ್ಪ ಅದರ ಹಿಂದೆ ನಿಂತು ತಟ್ಟೆ ಬೀಳಿಸಿದನಂತೆ. ಕೂಸು ಬೆಚ್ಚಿಬಿದ್ದು ಅತ್ತಿತು. ಅದು ಅಳುವುದನ್ನು ಕಂಡು ಗಂಡ ಹೆಂಡತಿ ನಕ್ಕರು, ಆಮೇಲೆ ಅವರೂ ಅತ್ತರು. ಅಂದಿನಿಂದ ಅವರ ಕೈಮಾತಿನಲ್ಲಿ ಅವಳ ಹೆಸರು ಎಂದರೆ ಕಿವಿಯ ಹಾಲೆಯನ್ನು ಮೆಲ್ಲಗೆ ಜಗ್ಗುವುದು. ಬೀದಿಯವರು ಅದನ್ನು ನೋಡಿ ನೋಡಿ 'ಕಿವಿ' ಎಂದೇ ಕರೆಯತೊಡಗಿದರು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು. ಅದು ಹಾಜರಿಯಲ್ಲೇ ಉಳಿಯಿತು.

ಮಧ್ಯಾಹ್ನದ ವಾರ್ತೆ ನೋಡುವವರು ಈಗ ಅವಳನ್ನು ದಿನವೂ ನೋಡುತ್ತಾರೆ, ಗಮನಿಸುವುದಿಲ್ಲ. ಪರದೆಯ ತುಂಬ ಮಂತ್ರಿ, ಪ್ರವಾಹ, ಮಾರುಕಟ್ಟೆಯ ದರ, ಗೆದ್ದ ಆಟಗಾರರ ಅಪ್ಪುಗೆ. ಕೆಳಗಿನ ಮೂಲೆಯಲ್ಲಿ ಬಟ್ಟಲಿನಷ್ಟಗಲದ ಒಂದು ವೃತ್ತ. ಅದರೊಳಗೆ ಕಪ್ಪು ಅಂಗಿ ತೊಟ್ಟು ಕೈಯಾಡಿಸುವ ಒಬ್ಬ ಹೆಂಗಸು. ಕಿವಿ ಕೇಳದವರಿಗಾಗಿ ವಾರ್ತೆಯನ್ನು ಸಂಜ್ಞೆಗೆ ತಿರುಗಿಸುವ ಆಕೆಯೇ ನಮ್ಮ ಕಿವಿ. ಜಾಹೀರಾತಿನ ಪಟ್ಟಿ ಬಂದರೆ ವೃತ್ತದ ಅರ್ಧ ಮುಚ್ಚಿಹೋಗಿ, ಅವಳ ಬೆರಳುಗಳಿದ್ದ ಕಡೆ ಸಾಬೂನಿನ ರಿಯಾಯಿತಿ ಓಡುತ್ತದೆ. ವಾರ್ತೆ ಓದುವವನ ಬಾಯಿಗೆ ಹೀಗೆ ಯಾರಾದರೂ ಬಟ್ಟೆ ತುರುಕಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ರಂಪವಾಗುತ್ತಿತ್ತು. ಕೈಗೆ ತುರುಕಿದರೆ ಕೇಳುವವರಿಲ್ಲ.

ಅವಳು ಆ ಕೆಲಸಕ್ಕೆ ಸೇರಿದ್ದು ಸಂಬಳಕ್ಕಾಗಿ ಎಂದರೆ ಅರ್ಧ ನಿಜ. ಉಳಿದರ್ಧ ಅಪ್ಪ. ಲೋಕದ ಸುದ್ದಿಯೆಲ್ಲ ಜೀವಮಾನವಿಡೀ ಅಪ್ಪನ ಪಕ್ಕದಿಂದಲೇ ಹಾದುಹೋಗಿತ್ತು, ಗುರುತಿದ್ದೂ ಮಾತಾಡಿಸದೆ ಹೋಗುವ ನೆಂಟರ ಹಾಗೆ. ಒಂದು ದಿನವಾದರೂ ಆ ಟೀವಿ ಪೆಟ್ಟಿಗೆ ಅಪ್ಪನ ಮುಖ ನೋಡಿ, ಅಪ್ಪನಿಗೆ ಅರ್ಥವಾಗುವ ಹಾಗೆ ಮಾತಾಡಬೇಕು. ಅವಳ ಆಸೆ ಇಷ್ಟೇ. ದೊಡ್ಡ ಆಸೆಗಳನ್ನು ಮನುಷ್ಯ ಹೇಗೋ ಮರೆತು ಬದುಕುತ್ತಾನೆ, ಹೀಗೆ ಚಿಕ್ಕದಾಗಿದ್ದು ಕೈಗೆ ಸಿಗುವಂತೆ ಕಾಣುವ ಆಸೆಗಳೇ ಹೆಚ್ಚು ಸತಾಯಿಸುವುದು.

ಅಪ್ಪನ ಕೆಲಸವೂ ಸುದ್ದಿಯದೇ. ದಿನಪತ್ರಿಕೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದು. ಸೀಸದ ಒಂದೊಂದು ಅಕ್ಷರವನ್ನೂ ಖಾನೆಯಿಂದ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ಹಿಮ್ಮುಖವಾಗಿ ಸಾಲು ಕಟ್ಟಬೇಕು. ಯಂತ್ರದ ಗದ್ದಲಕ್ಕೆ ಉಳಿದವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಅಪ್ಪನಿಗೆ ಆ ಖರ್ಚಿರಲಿಲ್ಲ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರಗಳನ್ನು ಆಕಾರದಿಂದ ಕಲಿತ, ಪದಗಳನ್ನು ಜೋಡಿಸಿ ಜೋಡಿಸಿ ಗುರುತು ಹಿಡಿದ. ಊರುಗಳ ಹೆಸರು, ಬೆಲೆ ಏರಿದ್ದು ಇಳಿದದ್ದು, ಸತ್ತವರು ಬದುಕಿದವರು, ಇವೆಲ್ಲ ಸಲೀಸು. ಉದ್ದನೆಯ ವಾಕ್ಯವಾದರೆ ತಲೆ ಕೈಗೆ ಸಿಗುತ್ತಿತ್ತು, ಬಾಲ ಜಾರುತ್ತಿತ್ತು. ಆದರೂ ಊರಿಗೆ ನಾಳೆ ತಿಳಿಯುವುದು ಅಪ್ಪನಿಗೆ ಇವತ್ತೇ ತಿಳಿದಿರುತ್ತಿತ್ತು. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಸುದ್ದಿ ಗೊತ್ತಾಗುತ್ತಿದ್ದದ್ದು ಅವನಿಗೆ, ಹೇಳಿದರೆ ತಿಳಿಯುವವರು ಮಾತ್ರ ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಮನೆಗೆ ಬಂದವನೇ, ಕೈ ತೊಳೆಯುವುದಕ್ಕೂ ಮೊದಲು, ಮಸಿ ಮೆತ್ತಿದ ಬೆರಳುಗಳಲ್ಲಿ ಹೆಂಡತಿಗೂ ಮಗಳಿಗೂ ಹೇಳುತ್ತಿದ್ದ.

ಆ ಮೂವರ ಕೈಮಾತನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಅದರಲ್ಲಿ ಅರ್ಧ ಅಚ್ಚುಕೂಟದಿಂದ ಬಂದದ್ದು, ಅರ್ಧ ಅಮ್ಮನ ಹೊಲಿಗೆ ಯಂತ್ರದಿಂದ. ಸುದ್ದಿ ಎಂದರೆ ಬೆರಳಿನ ಮಸಿಯನ್ನು ಎದೆಗೆ ಒರೆಸಿಕೊಳ್ಳುವುದು. ಸುಳ್ಳು ಎಂದರೆ ಮೊಳೆಯನ್ನು ತಿರುವಿ ಹಾಕಿದ ಹಾಗೆ ಅಂಗೈ ಮಗುಚುವುದು. ಜಗಳ ಎಂದರೆ ದಾರ ಸಿಕ್ಕಾಗುವುದು, ರಾಜಿ ಎಂದರೆ ಆ ದಾರವನ್ನು ಹಲ್ಲಿನಿಂದ ಕಡಿಯುವುದು. ಮಂತ್ರಿ ಎಂದರೆ ಹೊಟ್ಟೆಯ ಸುತ್ತ ಅಳತೆಯ ಟೇಪು ಹಿಡಿದು, ಸಾಲದು ಎಂದು ತಲೆಯಾಡಿಸುವುದು. ಮುಗಿಯಿತು, ಮುಚ್ಚಿತು, ಸತ್ತರು ಎಂಬುದಕ್ಕೆಲ್ಲ ಒಂದೇ: ಮೊಳೆಯ ಖಾನೆಯನ್ನು ಒಳಕ್ಕೆ ತಳ್ಳಿದಂತೆ ಎರಡೂ ಕೈ ಮುಂದಕ್ಕೆ. ಅದರಲ್ಲಿ ಬೈಗುಳವಿತ್ತು, ಒಗಟಿತ್ತು, ಅಮ್ಮ ಅಪ್ಪನಿಗೆ ಮಾತ್ರ ಹೇಳಿ ಮಗಳು ನೋಡಿದರೆ ಕೈ ಬಚ್ಚಿಡುತ್ತಿದ್ದ ಮಾತುಗಳೂ ಇದ್ದವು. ಜಗತ್ತಿನಲ್ಲಿ ಆ ಭಾಷೆ ಬಲ್ಲವರು ಮೂರೇ ಜನ, ಮೂವರೂ ಒಂದೇ ಸೂರಿನ ಕೆಳಗೆ.

ಪಕ್ಕದ ಮನೆಯಲ್ಲಿ ರೇಡಿಯೋ ಇತ್ತು. ಸಂಜೆ ಅವರು ಕಿಟಕಿ ತೆರೆದಿಟ್ಟು ಹಾಕುತ್ತಿದ್ದರು. ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲೆ ಕಿವಿ ಕೂತು, ಅಲ್ಲಿಂದ ಕೇಳಿದ್ದನ್ನು ಇಲ್ಲಿ ಮೆಟ್ಟಿಲ ಮೇಲೆ ಕೂತ ಅಪ್ಪ ಅಮ್ಮನಿಗೆ ಕೈಯಲ್ಲಿ ಹೇಳುತ್ತಿದ್ದಳು. ಪತ್ರಿಕೆಯಾದರೆ ಅರ್ಥವಾಗದಿದ್ದಲ್ಲಿ ನಿಂತು ಮತ್ತೆ ಓದಬಹುದು, ಮಡಚಿಟ್ಟು ಊಟ ಮಾಡಿ ಬರಬಹುದು. ರೇಡಿಯೋ ಹಾಗಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಯಾರಿಗೂ ಕಾಯುವುದಿಲ್ಲ. ಅವಳು ಒಂದು ಪದಕ್ಕೆ ಬೆರಳು ಹುಡುಕುವಷ್ಟರಲ್ಲಿ ಎರಡು ಸುದ್ದಿ ದಾಟಿಹೋಗುತ್ತಿದ್ದವು. ದಾಟಿಹೋದದ್ದನ್ನು ಒಪ್ಪಿಕೊಳ್ಳಲು ಅವಳಿಗೂ ಮಾನ ಅಡ್ಡ ಬರುತ್ತಿತ್ತು, ಹಾಗಾಗಿ ತಾನೇ ಒಂದು ಸೇರಿಸಿಬಿಡುತ್ತಿದ್ದಳು. ಒಂದು ಸಲ ಹೀಗೆಯೇ ದೂರದ ಎರಡು ದೇಶಗಳ ನಡುವೆ ಯುದ್ಧ ಹೂಡಿಬಿಟ್ಟಳು. ಅಪ್ಪ ಮಾರನೆಯ ದಿನ ಅಚ್ಚುಕೂಟದಲ್ಲಿ ಯುದ್ಧದ ಸುದ್ದಿ ಜೋಡಿಸಲು ಬರುತ್ತದೆಂದು ಕಾದೇ ಕಾದ, ಬರಲಿಲ್ಲ. ಸಂಜೆ ಬಾಗಿಲಲ್ಲೇ ನಿಂತು ಅಂಗೈ ಮಗುಚಿ ತೋರಿಸಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

ಪಕ್ಕದ ಮನೆಯ ಹೆಂಗಸು ರೇಡಿಯೋ ಕೇಳುತ್ತ ತರಕಾರಿ ಹೆಚ್ಚುತ್ತಿದ್ದಳು, ಪಾತ್ರೆ ಉಜ್ಜುತ್ತಿದ್ದಳು. ಕೇಳುವುದಕ್ಕೆ ಕೈ ಬೇಡ, ಕಣ್ಣೂ ಬೇಡ. ಅದು ರೇಡಿಯೋದ ದೊಡ್ಡಗುಣ. ಕೈಮಾತಿಗೆ ಎರಡೂ ಬೇಕು. ಮೂವರೂ ಮಾತಿಗೆ ಕೂತರೆ ಅಮ್ಮನ ಹೊಲಿಗೆ ನಿಲ್ಲುತ್ತಿತ್ತು, ಒಲೆ ಆರುತ್ತಿತ್ತು. ಆ ಮನೆಯಲ್ಲಿ ಮಾತಾಡುವುದೆಂದರೆ ಬೇರೆಲ್ಲ ಬಿಟ್ಟು ಒಬ್ಬರನ್ನೊಬ್ಬರು ನೋಡುವುದು. ದೊಡ್ಡವಳಾಗಿ, ಗೋಡೆ ನೋಡಿಕೊಂಡು ಮಾತಾಡುವ ಜನರ ನಡುವೆ ಬದುಕಿದ ಮೇಲೆ ಕಿವಿಗೆ ಅದರ ಬೆಲೆ ತಿಳಿಯಿತು. ಮದುವೆ ಎಂಬುದೊಂದು ಆಗಿ, ಆಮೇಲೆ ಇಲ್ಲವಾಯಿತು. ಅದನ್ನು ಹೇಳುತ್ತ ಕೂತರೆ ಇನ್ನೊಂದು ಕತೆ, ಅಷ್ಟೇನೂ ಚೆನ್ನಾಗಿಲ್ಲದ್ದು. ಆ ಮನುಷ್ಯನೂ ಪತ್ರಿಕೆಯ ಹಿಂದಿನಿಂದಲೇ ಮಾತಾಡುತ್ತಿದ್ದ ಎಂದರೆ ಸಾಕು.

ಸಿನಿಮಾಕ್ಕೂ ಹೋಗುತ್ತಿದ್ದರು. ಅಲ್ಲಿಯ ತೊಂದರೆ ಕತ್ತಲೆ. ಪರದೆಯ ಮೇಲೆ ಹಗಲಿದ್ದರೆ ಅದರ ಬೆಳಕಿನಲ್ಲಿ ಮಗಳ ಕೈ ಕಾಣುತ್ತಿತ್ತು, ರಾತ್ರಿಯ ದೃಶ್ಯ ಬಂದರೆ ಕೈಯೂ ಮಾಯ, ಕತೆಯೂ ಮಾಯ. ನಾಯಕಿ ದೀಪ ಆರಿಸಿ ಅಳುತ್ತ ಏನೇನೋ ಹೇಳುವಾಗ ಮೂವರೂ ಬೆಳಗಾಗುವುದನ್ನೇ ಕಾಯುತ್ತಿದ್ದರು. ಬೆಳಗಾದ ಕೂಡಲೇ ಕಿವಿ ಹಿಂದಿನದನ್ನೆಲ್ಲ ಒಟ್ಟಿಗೆ ಸುರಿಯುತ್ತಿದ್ದಳು. ಅಷ್ಟರಲ್ಲಿ ಅಮ್ಮ ತನ್ನದೇ ಕತೆ ಕಟ್ಟಿಕೊಂಡಿರುತ್ತಿದ್ದಳು, ಬಹಳ ಸಲ ಅದೇ ಹೆಚ್ಚು ಚೆನ್ನಾಗಿರುತ್ತಿತ್ತು.

ಟೀವಿ ಬಂದಾಗ ಅಪ್ಪ ಹಿಗ್ಗಿದ. ಕೊನೆಗೂ ಕಣ್ಣಿಗಾಗಿಯೇ ಒಂದು ಯಂತ್ರ ಬಂತಲ್ಲ ಎಂದು ಕಂತಿನ ಮೇಲೆ ಕೊಂಡು ತಂದ. ಹಾಕಿ ನೋಡಿದರೆ ಬರೀ ಬಾಯಿ. ಒಬ್ಬರ ಬಾಯಿ, ಇಬ್ಬರ ಬಾಯಿ, ನಾಲ್ಕು ಚೌಕದಲ್ಲಿ ನಾಲ್ಕು ಬಾಯಿ. ಧಾರಾವಾಹಿಗಳು ಅಮ್ಮನಿಗೆ ಮುಖ ನೋಡಿದರೇ ತಿಳಿಯುತ್ತಿದ್ದವು, ಅತ್ತೆ ಕಣ್ಣು ಕಿರಿದು ಮಾಡಿದರೆ ಸೊಸೆಗೆ ಗ್ರಹಚಾರ ಎಂದು ತಿಳಿಯಲು ಭಾಷೆ ಬೇಕಿಲ್ಲ. ಅಪ್ಪನಿಗೆ ಜಾಹೀರಾತೇ ಇಷ್ಟ; ಅದೊಂದೇ, ಹೇಳಬೇಕಾದ್ದನ್ನು ತೋರಿಸಿಬಿಡುತ್ತಿತ್ತು. ವಾರ್ತೆಯ ಹೊತ್ತಿಗೆ ಮಾತ್ರ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ಮಸಿಗೈಯ ಮನುಷ್ಯ, ಜೀವಮಾನವೆಲ್ಲ ಸುದ್ದಿ ಕಟ್ಟಿದವನು, ಸುದ್ದಿ ಬಂದರೆ ಎದ್ದು ಹೋಗುವುದನ್ನು ಕಿವಿಗೆ ನೋಡಲಾಗುತ್ತಿರಲಿಲ್ಲ.

ಕಾಲ ಸುಮ್ಮನಿರಲಿಲ್ಲ. ಅಚ್ಚುಕೂಟಕ್ಕೆ ಕಂಪ್ಯೂಟರ್ ಬಂತು, ಸೀಸದ ಅಕ್ಷರಗಳನ್ನೆಲ್ಲ ಚೀಲಕ್ಕೆ ತುಂಬಿ ತೂಕಕ್ಕೆ ಮಾರಿದರು, ಅಪ್ಪನನ್ನು ಪತ್ರಿಕೆಯ ಕಟ್ಟು ಕಟ್ಟುವ ಕಡೆ ಹಾಕಿದರು. ಅಲ್ಲಿಂದಲೇ ನಿವೃತ್ತನಾದ. ಅಮ್ಮ ಒಂದು ಜ್ವರಕ್ಕೆ ಹೋದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪ ಮಗಳಿಗೆ ಏನೂ ವಿವರಿಸಲಿಲ್ಲ, ಎರಡೂ ಕೈಯಿಂದ ಖಾನೆಯನ್ನು ಒಳಕ್ಕೆ ತಳ್ಳಿದ. ಮೂವರ ಭಾಷೆ ಇಬ್ಬರದಾಯಿತು.

ಟೀವಿಯವರು ಕಿವುಡರಿಗಾಗಿ ವಾರ್ತೆ ತೋರಿಸುತ್ತಾರಂತೆ, ಕೈಮಾತು ಬಲ್ಲವರು ಬೇಕಂತೆ ಎಂದು ತಿಳಿದಾಗ ಕಿವಿ ಹಿಂದೆಮುಂದೆ ನೋಡಲಿಲ್ಲ. ಪರೀಕ್ಷೆ ಮಾಡಿದವರು ಕಿವುಡರ ಶಾಲೆಯ ಮೇಷ್ಟ್ರು. ಅವರಿಗೂ ಕೇಳುವುದಿಲ್ಲ. ಅವಳು ಮನೆಯ ಕೈಮಾತಿನಲ್ಲಿ ಒಂದು ಸುದ್ದಿ ಹೇಳಿ ತೋರಿಸಿದಾಗ ಮಂತ್ರಿಯ ಹೊಟ್ಟೆಗೆ ಟೇಪು ಹಿಡಿದದ್ದನ್ನು ನೋಡಿ ಅವರು ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಅವಳ ಎರಡೂ ಕೈ ಹಿಡಿದು ಕೆಳಗಿಳಿಸಿ, ನಿಧಾನವಾಗಿ ತಮ್ಮ ಸಂಜ್ಞೆಯಲ್ಲಿ, ಪಕ್ಕದ ಹಲಗೆಯ ಮೇಲೆ ಬರೆದೂ ತೋರಿಸಿ, ಒಂದು ಮಾತು ಹೇಳಿದರು.

"ಟೀವಿ ಅಂದ್ರೆ ನಿಮ್ಮ ಮನೆ ಮೆಟ್ಟಿಲಲ್ಲಮ್ಮ. ಎಲ್ಲಾ ಊರಿನವರು ನೋಡ್ತಾರೆ. ಎಲ್ಲರ ಜೊತೆ ಮಾತಾಡಬೇಕು ಅಂದ್ರೆ ಯಾರ ಮನೆ ಮಾತನ್ನೂ ಆಡೋ ಹಾಗಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಎಲ್ಲ ಶಾಲೆಗಳಲ್ಲೂ ಕಲಿಸುವ, ಎಲ್ಲ ಕಡೆಯ ಕಿವುಡರೂ ಬಲ್ಲ ಸಂಜ್ಞೆಗಳನ್ನು ಅವಳು ಕೂತು ಕಲಿತಳು. ಪುಸ್ತಕದ ಭಾಷೆಯಂತೆ ಶುದ್ಧವಾದ, ಮಸಿಯೂ ದಾರವೂ ಇಲ್ಲದ ಮಾತು ಅದು. ದಿನವೂ ನೋಡುತ್ತಿದ್ದರೆ ಅಪ್ಪನಿಗೂ ತಾನಾಗಿ ಬರುತ್ತದೆ ಎಂದುಕೊಂಡಳು.

ಹಾಗೇ ಆಯಿತು ಎಂದೂ ನಂಬಿದಳು. ಮಧ್ಯಾಹ್ನವಾದರೆ ಅಪ್ಪ ಮುಖ ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು, ಯಾರೋ ಮನೆಗೆ ಬರುವವರಿದ್ದಾರೆ ಎಂಬಂತೆ ಟೀವಿಯ ಮುಂದೆ ನೆಟ್ಟಗೆ ಕೂರುತ್ತಾನೆಂದು ಪಕ್ಕದ ಮನೆಯ ಹೆಂಗಸು ಹೇಳಿದ್ದಳು. ಸಂಜೆ ಮಗಳು ಬಂದರೆ ನೋಡಿದೆ, ಚೆನ್ನಾಗಿತ್ತು ಎನ್ನುತ್ತಿದ್ದ. ಎಲ್ಲಿ ಸೇತುವೆ ಬಿತ್ತು, ಯಾವುದರ ಬೆಲೆ ಏರಿತು ಎಂದು ತಾನೇ ಹೇಳುತ್ತಿದ್ದ. ಅವಳಿಗೆ ಇನ್ನೇನು ಬೇಕಿತ್ತು? ವೃತ್ತದೊಳಗೆ ನಿಂತು, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲದ ಕೋಣೆಯಲ್ಲಿ ಕ್ಯಾಮೆರಾದ ಕಪ್ಪು ಗಾಜು ನೋಡುತ್ತ ಕೈಯಾಡಿಸುವಾಗ, ಅದರ ಆಚೆ ಅಪ್ಪ ತಲೆದೂಗುತ್ತಿದ್ದಾನೆ ಎಂದುಕೊಳ್ಳುತ್ತಿದ್ದಳು. ಅಲ್ಲಿಂದ ಮಾತು ಹೋಗುತ್ತದೆ, ಮರಳಿ ಬರುವುದಿಲ್ಲ. ಎದುರಿನವರು ಹುಬ್ಬೇರಿಸಿದರೋ ಆಕಳಿಸಿದರೋ ಹೇಳುವವನಿಗೆ ತಿಳಿಯದು. ಮುಖ ನೋಡದೆ ಮಾತಾಡಿ ಗೊತ್ತಿಲ್ಲದ ಅವಳು, ಆ ಗಾಜಿಗೆ ಅಪ್ಪನ ಮುಖ ಹಚ್ಚಿಕೊಂಡು ದಿನ ದೂಡಿದಳು. ಹೀಗೆ ಕೆಲವು ವರ್ಷಗಳೇ ಹೋದವು.

ಒಂದು ದಿನ ಅವಳಿಗೆ ಜ್ವರ ಬಂದು ಮನೆಯಲ್ಲೇ ಮಲಗಿದ್ದಳು. ವೃತ್ತದಲ್ಲಿ ಅವಳ ಬದಲು ಒಬ್ಬ ಯುವಕ ಬಂದ. ಅಪ್ಪ ಅವನನ್ನು ನೋಡಿದ, ಎದ್ದ, ಟೀವಿ ಆರಿಸಿ ಗಿಡಕ್ಕೆ ನೀರು ಹಾಕಲು ಹೊರಟ. ವಾರ್ತೆ ಬೇಡವಾ ಎಂದು ಅವಳು ಕೇಳಿದಳು. ಅವನದು ಅರ್ಥ ಆಗಲ್ಲ ಎಂದ ಅಪ್ಪ. ನಾನು ಆಡುವ ಮಾತನ್ನೇ ಅವನೂ ಆಡುವುದು, ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲ ಎಂದು ಅವಳು ವಾದಿಸಿದಳು. ಅಪ್ಪ ನೀರಿನ ಚೆಂಬನ್ನು ಕೆಳಗಿಟ್ಟ. ಮಾತಾಡಬೇಕೆಂದರೆ ಕೈ ಖಾಲಿ ಮಾಡಿಕೊಳ್ಳಬೇಕಲ್ಲ.

"ನಿಂದೂ ಅರ್ಥ ಆಗಲ್ಲ ಕಣೇ."

"ಮತ್ತೆ ದಿನಾ ಸಂಜೆ ಸುದ್ದಿ ಹೇಳ್ತೀಯಲ್ಲಪ್ಪಾ?"

"ಬೆಳಗ್ಗೆ ಪೇಪರಲ್ಲಿ ತಲೆಬರಹ ನೋಡಿರ್ತೀನಿ. ಮಧ್ಯಾಹ್ನ ನಿನ್ನ ನೋಡ್ತೀನಿ. ಎರಡೂ ಸೇರಿಸಿ ಹೇಳ್ತೀನಿ."

ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಅವಳು ಎಷ್ಟು ಸಲ ಕೇಳಿದ್ದಳೋ, ಅದು ತನಗೇ ಹೇಳಿದ್ದು ಎಂದು ತಿಳಿದಿರಲಿಲ್ಲ. ಊರೂರಿನ ಕಿವುಡರು ಅವಳ ಕೈ ನೋಡಿ ಲೋಕ ತಿಳಿಯುತ್ತಿದ್ದರು. ಯಾರಿಗಾಗಿ ಹೋದಳೋ ಅವನೊಬ್ಬ, ಬೇರೆ ದೇಶದ ಹಾಡು ಕೇಳುವವನಂತೆ, ಮಗಳ ಮುಖವನ್ನಷ್ಟೇ ನೋಡಿ ಎದ್ದುಹೋಗುತ್ತಿದ್ದ. ಆ ಜ್ವರ ಎರಡು ದಿನ ಹೆಚ್ಚಿಗೆ ಇತ್ತು.

ಎದ್ದ ಮೇಲೆ ಅವಳು ಅಪ್ಪನಿಗೆ ಹೊಸ ಸಂಜ್ಞೆ ಕಲಿಸುತ್ತೇನೆ ಎಂದಳು. ಅಪ್ಪ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಯಾಕೆ, ನಿಮ್ಮಮ್ಮನ ಜೊತೆ ಆಡಿದ ಮಾತೇ ನನಗೆ ಸಾಕು ಎಂದ. ಅವಳು ವಾರ್ತೆಯ ಉಸ್ತುವಾರಿಯವರ ಹತ್ತಿರ ಹೋಗಿ, ಕೊನೆಯಲ್ಲಿ 'ನಮಸ್ಕಾರ' ಹೇಳುವಾಗ ಒಂದೇ ಒಂದು ಮನೆಮಾತು ಸೇರಿಸಲೇ ಎಂದು ನಾಚಿಕೆ ಬಿಟ್ಟು ಕೇಳಿದಳು. ಆತ ಒಳ್ಳೆಯ ಮನುಷ್ಯ. ಬೇಡ ಎಂದು ಹೇಳಲು ಚಹಾ ತರಿಸಿದ. ಒಬ್ಬರಿಗಾಗಿ ಮಾತಾಡಿದರೆ ಉಳಿದವರು ಕಿವುಡರಾಗುತ್ತಾರಲ್ಲ ಎಂದ. ಹೇಳಿದ ಮೇಲೆ ಯಾರ ಮುಂದೆ ಏನು ಅಂದೆ ಎಂದು ಹೊಳೆದು ಅವನ ಮುಖ ಕೆಂಪಾಯಿತು. ಅವಳು ಚಹಾ ಕುಡಿದು ಎದ್ದು ಬಂದಳು.

ಆಮೇಲೂ ದಿನಾ ಅಪ್ಪ ಗುಂಡಿ ಹಾಕಿಕೊಂಡು ಕೂತ, ದಿನಾ ಅವಳು ವೃತ್ತದೊಳಗೆ ನಿಂತಳು. ಈಗ ಅವಳಿಗೆ ಗಾಜಿನ ಮೇಲೆ ಅಪ್ಪನ ಮುಖ ಬರುತ್ತಿರಲಿಲ್ಲ. ಬಂದರೂ ಅದು ಅರ್ಥವಾಗದೆ ನಗುವ ಮುಖವಾಗಿರುತ್ತಿತ್ತು, ಕೋಣನ ಮುಂದೆ ಕಿನ್ನರಿ ಬಾರಿಸಿದವಳು ತಾನೇ, ಆ ಕೋಣಕ್ಕೆ ತನ್ನ ಮೇಲೆ ಪ್ರೀತಿ ಬೇರೆ ಎಂದು ಅವಳಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಒಂದು ಮಧ್ಯಾಹ್ನ ವಾರ್ತೆ ಮುಗಿಯುವ ಹೊತ್ತಿಗೆ, ಮೊದಲು ಅವಳ ಕೈಗೆ ಕೊಟ್ಟಿರದ ಒಂದು ಸುದ್ದಿ ತಡವಾಗಿ ಬಂದು ಸೇರಿತು. ಹೀಗೆ ಆಗಾಗ ಆಗುತ್ತದೆ. ಓದುವವನು ಎದುರಿನ ಪರದೆ ನೋಡಿ ಓದುತ್ತಾನೆ, ಅವಳು ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಕೇಳಿಸಿಕೊಂಡು ಅವನ ಹಿಂದೆಯೇ ಕೈ ಓಡಿಸಬೇಕು, ಯೋಚಿಸಲು ಬಿಡುವಿಲ್ಲ. ಸುದ್ದಿ ಎರಡೇ ಮಾತಿನದು. ಊರಿನ ಹಳೆಯ ದಿನಪತ್ರಿಕೆ ಇನ್ನು ಮುಂದೆ ಕಾಗದದ ಮೇಲೆ ಅಚ್ಚಾಗುವುದಿಲ್ಲ, ಮೊಬೈಲಿನಲ್ಲಿ ಮಾತ್ರ ಬರುತ್ತದೆ, ಅಚ್ಚುಕೂಟವನ್ನು ಮುಚ್ಚಲಾಗಿದೆ. ಅದು ಅಪ್ಪನ ಪತ್ರಿಕೆ.

ಅವಳ ತಲೆಗೆ ತಿಳಿಯುವ ಮೊದಲೇ ಕೈ ಹೇಳಿ ಮುಗಿಸಿತ್ತು. ಬೆರಳಿನ ಮಸಿಯನ್ನು ಎದೆಗೆ ಒರೆಸಿಕೊಂಡಳು. ಗಾಳಿಯಲ್ಲಿ ಮೊಳೆ ಹೆಕ್ಕಿ ಹೆಕ್ಕಿ ಸಾಲು ಕಟ್ಟಿದಳು. ಎರಡೂ ಕೈಯಿಂದ ಖಾನೆಯನ್ನು ಒಳಕ್ಕೆ ತಳ್ಳಿದಳು. ಅಮ್ಮ ಹೋದ ದಿನ ಅಪ್ಪ ತಳ್ಳಿದ ಹಾಗೆ, ಪೂರ್ತಿ ಮುಚ್ಚುವವರೆಗೂ ತಳ್ಳಿದಳು. ಕ್ಯಾಮೆರಾದ ಕೆಂಪು ದೀಪ ಆರಿದ ಮೇಲೆ, ತಾನು ಲಕ್ಷಾಂತರ ಜನರ ಮುಂದೆ ಇಬ್ಬರ ಭಾಷೆ ಆಡಿದೆ ಎಂಬುದು ಅವಳಿಗೆ ಹೊಳೆಯಿತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆಯದು. ಸಂಜೆ ಪಕ್ಕದಲ್ಲಿ ಕೂತು, ಮೆತ್ತಗೆ ಹೇಳಬೇಕಾಗಿದ್ದ ಮಾತು ಅದು. ಅಪ್ಪನಿಗೆ ಟೀವಿಯಲ್ಲಿ ಅರ್ಥವಾದ ಮೊದಲ ಮಾತು, ನಿನ್ನ ಅಚ್ಚುಕೂಟ ಸತ್ತಿತು ಎಂಬುದಾಯಿತು.

ಮನೆಗೆ ಓಡಿ ಬಂದಳು. ಅಪ್ಪ ಬಾಗಿಲಲ್ಲೇ ಇದ್ದ. ಅಳುತ್ತಿರುತ್ತಾನೆ ಎಂದುಕೊಂಡಿದ್ದಳು; ಅಪ್ಪ ಕುಣಿಯುತ್ತಿದ್ದ. ಪಕ್ಕದ ಮನೆಯ ಹೆಂಗಸನ್ನು ರಟ್ಟೆ ಹಿಡಿದು ಎಳೆದು ತಂದು, ಆರಿದ ಟೀವಿಯ ಆ ಮೂಲೆಯನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸಿದನಂತೆ, ತನ್ನ ಎದೆಯನ್ನೂ ಕುಟ್ಟಿಕೊಂಡನಂತೆ. ಪಾಪ, ಆಕೆ ಎದೆನೋವು ಎಂದುಕೊಂಡು ನೀರು ಕುಡಿಸಿದ್ದಳು.

"ನನ್ನ ಜೊತೆ ಮಾತಾಡಿದೆ ನೀನು," ಎಂದ ಅಪ್ಪ. "ಅಷ್ಟು ಜನರ ಮುಂದೆ, ನನ್ನ ಜೊತೆ."

ಅಚ್ಚುಕೂಟದ ದುಃಖ ಅವನಿಗೆ ಆಮೇಲೆ ಬಂತು, ಮಾರನೆಯ ಬೆಳಗ್ಗೆ ಮೆಟ್ಟಿಲ ಮೇಲೆ ಪತ್ರಿಕೆ ಬಿದ್ದಿರದೆ ಇದ್ದಾಗ. ಬಹಳ ಹೊತ್ತು ಅಲ್ಲೇ ಕೂತಿದ್ದ. ಬೆಳಗ್ಗೆ ತಲೆಬರಹ ನೋಡಿ ಸಂಜೆ ಮಗಳಿಗೆ ಹೇಳುವ ದಾರಿಯೂ ಮುಚ್ಚಿತಲ್ಲ. ಮೊಬೈಲಿನ ಪತ್ರಿಕೆ ಅವನ ಕಣ್ಣಿಗೆ ಹಿಡಿಸಲಿಲ್ಲ. ಮುಟ್ಟಿದರೆ ಓಡಿಹೋಗುವ ಅಕ್ಷರ ಯಾವ ಸೀಮೆಯ ಅಕ್ಷರ ಎಂದ. ಅವಳು ಕೆಲಸಕ್ಕೆ ಹೊರಟಾಗ ತಡೆದು ನಿಲ್ಲಿಸಿದ. ನಿನ್ನೆ ಒಂದು ಮಾತು ಅರ್ಥವಾಯಿತು, ರುಚಿ ಹತ್ತಿದೆ, ಉಳಿದದ್ದನ್ನೂ ಕಲಿಸು ಎಂದ. ಅವಳಿಗೆ ಆ ಕ್ಷಣ ಆದ ಸಂತೋಷಕ್ಕೆ ಯಾವ ಭಾಷೆಯಲ್ಲೂ ಸಂಜ್ಞೆ ಇರಲಿಲ್ಲ.

ಆಫೀಸಿನಲ್ಲಿ ಒಂದಿಷ್ಟು ದೂರು ಬಂದಿತ್ತು. ಮೇಷ್ಟ್ರು ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ, ಹೊಸ ಪದವೊಂದನ್ನು ಪ್ರಯತ್ನಿಸಿದ್ದು, ಮುಂದೆ ಆಗುವುದಿಲ್ಲ ಎಂದು ಬರೆದುಕೊಟ್ಟು ಮುಗಿಸಿದರು. ಅವಳ ಅಪ್ಪನನ್ನು ಭಾನುವಾರ ಶಾಲೆಗೆ ಕರೆದುಕೊಂಡು ಬಾ ಎಂದವರೂ ಅವರೇ. ಅಲ್ಲಿ ವಾರಕ್ಕೊಮ್ಮೆ ವಯಸ್ಸಾದ ಕಿವುಡರು ಸೇರಿ ಹರಟುತ್ತಿದ್ದರು.

ಅಪ್ಪ ಕಲಿತ ರೀತಿ ನೋಡಬೇಕಿತ್ತು. ಬರಗಾಲದ ನೆಲ ನೀರು ಕುಡಿದ ಹಾಗೆ ಕುಡಿದ. ಮೊದಮೊದಲು ಮಗಳ ಮುಂದೆ ನಾಚುತ್ತಿದ್ದವನು ಒಂದೆರಡು ತಿಂಗಳಲ್ಲಿ ಭಾನುವಾರಕ್ಕಾಗಿ ಕಾದು ಕೂರುವಂತಾದ. ಜೀವಮಾನವಿಡೀ ಎರಡೇ ಜನರೊಂದಿಗೆ ಮಾತಾಡಿದ್ದ ಮನುಷ್ಯನಿಗೆ ಏಕಾಏಕಿ ಒಂದು ಕೋಣೆ ತುಂಬ ಗೆಳೆಯರು. ಒಬ್ಬ ಬಡಗಿ, ಒಬ್ಬ ವಾಚು ರಿಪೇರಿಯವನು, ಜೋರಾಗಿ ಜಗಳವಾಡುವ ಒಬ್ಬ ಅಡುಗೆಯವನು. ಮೊಬೈಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಗಂಟೆಗಟ್ಟಲೆ ಹರಟಲು ಕಲಿತ. ಆ ಯಂತ್ರವನ್ನು ಬೈದಿದ್ದವನೇ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಕೇಳಿದ್ದಕ್ಕೆ ಮರುಮಾತು ಕೊಡುವ ಟೀವಿ ಇದೊಂದೇ ಎಂದು ಹೊಗಳಿದ. ಮಧ್ಯಾಹ್ನದ ವಾರ್ತೆ ಈಗ ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು. ಸಂಜೆ ಮಗಳು ಬಂದರೆ ಎಲ್ಲಿ ಅವಸರ ಮಾಡಿದೆ, ಎಲ್ಲಿ ಕೈ ತುಂಬ ಕೆಳಗಿತ್ತು ಎಂದು ತಪ್ಪು ಎತ್ತಿ ತೋರಿಸುತ್ತಿದ್ದ. ಅವಳು ಬೈಸಿಕೊಳ್ಳುತ್ತ ನಗುತ್ತಿದ್ದಳು. ಅವಳ ಆಸೆ ಕೈಗೂಡಿತ್ತು, ಬಡ್ಡಿ ಸಮೇತ.

ಅದರ ಜೊತೆಗೇ ನಡೆದದ್ದು ಇನ್ನೊಂದು. ಅದು ಯಾವಾಗ ಶುರುವಾಯಿತೋ ಅವಳಿಗೆ ತಿಳಿಯಲಿಲ್ಲ. ಅಪ್ಪ ಮನೆಯಲ್ಲೂ ಹೊಸ ಮಾತನ್ನೇ ಆಡತೊಡಗಿದ. ಹೊಸ ಅಂಗಿ ಕೊಂಡವರು ಹಳೆಯದನ್ನು ತೊಡಲು ಮರೆಯುವ ಹಾಗೆ, ಅಷ್ಟೇ ಸಹಜವಾಗಿ. ಮೊದಲು ಹೋದದ್ದು ಮಂತ್ರಿಯ ಹೊಟ್ಟೆ. ಆಮೇಲೆ ದಾರದ ಜಗಳ, ಹಲ್ಲಿನ ರಾಜಿ. ಎದೆಗೆ ಮಸಿ ಒರೆಸುವುದೂ ನಿಂತಿತು. ಕಿವಿ ಹಳೆಯ ಮಾತಿನಲ್ಲಿ ಕೇಳಿದರೆ ಅಪ್ಪ ಹೊಸದರಲ್ಲಿ ಉತ್ತರ ಕೊಡುತ್ತಿದ್ದ. ಭಾನುವಾರದ ಗೆಳೆಯರು ಅವಳಿಗೆ ತಮ್ಮ ಪದ್ಧತಿಯಂತೆ ಒಂದು ಹೆಸರು ಕೊಟ್ಟರು: ಗಾಳಿಯಲ್ಲಿ ಒಂದು ಸಣ್ಣ ವೃತ್ತ. ವೃತ್ತದೊಳಗಿನವಳು ಎಂದರ್ಥ. ಗೌರವದ ಹೆಸರೇ. ಒಂದು ದಿನ ಅಡುಗೆಮನೆಯಿಂದ ಅವಳನ್ನು ಊಟಕ್ಕೆ ಕರೆಯುವಾಗ ಅಪ್ಪನೂ ಗಾಳಿಯಲ್ಲಿ ವೃತ್ತ ಬರೆದ. ಅವಳ ಕೈ ತನಗೆ ತಾನೇ ಕಿವಿಯ ಹಾಲೆಗೆ ಹೋಯಿತು. ನೋವಾ ಎಂದು ಕೇಳಿದ ಅಪ್ಪ. ಇಲ್ಲ ಎಂದಳು.

ಅವನನ್ನು ದೂರುವಂತಿರಲಿಲ್ಲ. ಕಲಿ ಎಂದವಳೂ ಅವಳೇ, ಕಲಿಸಿದವಳೂ ಅವಳೇ. ಮುಪ್ಪಿನಲ್ಲಿ ಹೀಗೆ ಹಿಗ್ಗಿರುವ ಮನುಷ್ಯನ ಕೈ ಹಿಡಿದು, ಬೇಡ, ಮೊದಲಿನ ಹಾಗೆ ಇಬ್ಬರೇ ಇರೋಣ ಎಂದು ಹೇಳಲು ಎಷ್ಟು ಸ್ವಾರ್ಥ ಬೇಕೋ ಅಷ್ಟು ಅವಳಲ್ಲಿ ಇರಲಿಲ್ಲ. ಆದರೆ ಹಂಬಲಕ್ಕೆ ನ್ಯಾಯ ಅನ್ಯಾಯ ತಿಳಿಯುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಯಾರಿಗೂ ಕಾಣದಂತೆ ಮಡಿಲಿನ ಚೀಲದ ಮರೆಯಲ್ಲಿ, ಅವಳು ಒಬ್ಬಳೇ ಹಳೆಯ ಮಾತು ಆಡಿಕೊಳ್ಳುತ್ತಿದ್ದಳು. ಅಮ್ಮನ ಬೈಗುಳಗಳನ್ನು, ಅಪ್ಪನ ಒಗಟುಗಳನ್ನು ಆಡಿಕೊಳ್ಳುತ್ತಿದ್ದಳು. ಪಕ್ಕದವರು ಎಳೆ ಬಿಚ್ಚಿದ ಬಟ್ಟೆ ಸರಿಮಾಡುತ್ತಿದ್ದಾಳೆ ಎಂದುಕೊಂಡಿರಬೇಕು.

ಒಂದು ಸಂಜೆ ಊಟ ಮುಗಿಸಿ ಇಬ್ಬರೂ ಮೇಜಿನ ಎದುರುಬದುರು ಕೂತಿದ್ದರು. ಅಪ್ಪ ವಾಚಿನವನ ಜೊತೆಗಿನ ಹರಟೆ ಮುಗಿಸಿ ಮೊಬೈಲನ್ನು ಮಗುಚಿಟ್ಟ. ಮುಖದಲ್ಲಿ ಇನ್ನೂ ನಗು ಇತ್ತು. ಅವಳು ತಡೆಯಲಾರದೆ ಕೈ ಎತ್ತಿದಳು. ಅಮ್ಮ ತವರಿಗೆ ಹೋಗಿ ಬಂದಾಗಲೆಲ್ಲ ಹೇಳುತ್ತಿದ್ದ ಒಂದು ಮಾತಿತ್ತು: ದಾರವಿಲ್ಲದ ಸೂಜಿಯಿಂದ ಬಟ್ಟೆಯ ಅಂಚನ್ನು ಉದ್ದಕ್ಕೂ ಹೊಲಿಯುವುದು. ನೆನಪಾಗುತ್ತದೆ, ತುಂಬ ನೆನಪಾಗುತ್ತದೆ ಎಂದು. ಕಿವಿ ಮೇಜಿನ ಅಂಚನ್ನು ಹಾಗೆ ಹೊಲಿದಳು.

ಅಪ್ಪ ನೋಡಿದ. ಹುಬ್ಬು ಗಂಟಿಕ್ಕಿ ಯೋಚಿಸಿದ. ನೆನಪಿಗೆ ಬಂತು. ಆಮೇಲೆ ವಿದ್ಯಾರ್ಥಿಯ ತಪ್ಪು ಕಂಡ ಮೇಷ್ಟರಂತೆ ತಲೆಯಾಡಿಸಿ, ಮೇಜಿನಾಚೆಯಿಂದ ಬಾಗಿ, ಅವಳ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದು ಬಿಡಿಸಿ, ಎಲ್ಲ ಊರಿನವರೂ ಆ ಮಾತನ್ನು ಹೇಗೆ ಹೇಳುತ್ತಾರೋ ಹಾಗೆ ಮಡಚಿ ಜೋಡಿಸಿದ. ಬಹಳ ಅಕ್ಕರೆಯಿಂದ ಜೋಡಿಸಿದ.

"ಹಾಗಲ್ಲ ಕಣೇ. ಹೀಗೆ."

ಅವಳು ಹಾಗೆಯೇ ಮಾಡಿ ತೋರಿಸಿದಳು. ಈಗ ಸರಿಯಾಯಿತು ಎಂದ ಅಪ್ಪ, ಯಾರ ನೆನಪು ಎಂದು ಕೇಳಿದ.

ಎದುರಿಗೆ ಕೂತವರನ್ನು ಹೇಳಲು ಕೈಮಾತಿನಲ್ಲಿ ಹೆಸರು ಬೇಕಿಲ್ಲ, ಬೆರಳು ತೋರಿಸಿದರೆ ಸಾಕು. ಅದು ಮನೆಯಲ್ಲೂ ಟೀವಿಯಲ್ಲೂ ಒಂದೇ. ಅವಳು ಅಪ್ಪನ ಕಡೆ ಬೆರಳು ತೋರಿಸಿದಳು.

ಅಪ್ಪ ನಕ್ಕುಬಿಟ್ಟ.

"ಹುಚ್ಚಿ, ಇಲ್ಲೇ ಕೂತಿದ್ದೀನಲ್ಲ," ಎಂದ. ಹೊಸ ಮಾತಿನಲ್ಲಿ ಎಂದ, ಒಂದು ಬೆರಳೂ ತಪ್ಪದೆ.